ಜಾತ್ರೆಯ ಮೊದಲ ಕಾಯಿ ಇನ್ನೂ ದೇಸಾಯರ ಮನೆಯದ್ದೇ ಇರಬೇಕೇ?

ನಿಮ್ಮೂರ ತೇರಿಗೆ ಮೊದಲ ಕಾಯಿ ಒಡೆಯುವ ಹಕ್ಕು ಇವತ್ತಿಗೂ ದೇಸಾಯರ ಮನೆಯದು, ಹುಡುಗರು ಇದು ಸಾಕು ಅಂತಾರೆ, ಹಿರಿಯರು ಮನೆತನಕ್ಕೆ ಮರ್ಯಾದೆ ಬೇಕು ಅಂತಾರೆ, ಯಾರ ಮಾತು ಸರಿ ಅಂತ ಕೇಳಿದ್ದೀರಿ. ನಾನು ಸವದತ್ತಿ ಕಡೆಯವನು. ದೇಸಗತಿಯ, ಅಂದರೆ ದೇಸಾಯರ ಮನೆಯ, ಹೊಲವನ್ನು ಪಾಲಿಗೆ ಮಾಡಿದ ಮನೆಯವನು. ನನ್ನ ಉತ್ತರ ಒಕ್ಕಲಿನ ಕಡೆಗೇ ವಾಲುತ್ತದೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಹುಟ್ಟಿನಿಂದ ಬರುವ ದೊಡ್ಡಸ್ತಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಭಾಗದಲ್ಲಿ ವತನದ ಭೂಮಿ, ಅಂದರೆ ಮನೆತನಕ್ಕೆ ಬಿಟ್ಟುಕೊಟ್ಟ ಜಮೀನು, ಮೊದಲು ಕೆಲಸಕ್ಕಾಗಿ ಸಿಕ್ಕದ್ದು. ದೇಸಾಯಿ ತನ್ನ ಸೀಮೆಯ ಕಂದಾಯ ಎತ್ತಬೇಕಿತ್ತು, ಕಾವಲಿಗೆ ಜನ ಇಡಬೇಕಿತ್ತು. ಶೇತಸನದಿ ಅನ್ನುವ ಕಾವಲುಗಾರ ಊರು ಕಾಯಬೇಕಿತ್ತು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿಯೇ ಅಲ್ವಾ? 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದಾಗ ರಾಣಿಯ ಹಿಂದೆ ಇದ್ದದ್ದು ಇಂಥ ಮನೆಗಳ ಗಂಡಸರು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಮೇಲಿದ್ದವಳೂ ಕೆಳಗಿದ್ದವನೂ ಇಬ್ಬರೂ ಜೀವ ಕೊಟ್ಟರು. ಅಂಥ ಮನೆತನಕ್ಕೆ ಜನ ತಾವಾಗಿಯೇ ತಲೆ ಬಾಗಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಆಮೇಲೆ ಇಂಗ್ಲಿಷರು ಕಂದಾಯಕ್ಕೆ ಮಾಮಲೇದಾರನನ್ನು ತಂದರು, ಕಾವಲಿಗೆ ಪೊಲೀಸರನ್ನು ತಂದರು. ಎಷ್ಟೋ ವತನಗಳು ಹೋದವು. ಉಳಿದ ಮನೆಗಳಿಗೆ ಭೂಮಿ ಉಳಿಯಿತು, ಕೆಲಸ ಉಳಿಯಲಿಲ್ಲ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಕಣದಲ್ಲಿ ಜೋಳದ ರಾಶಿ ಆದ ಮೇಲೆ ವಾಡೆಯ, ಅಂದರೆ ದೇಸಾಯರ ದೊಡ್ಡ ಮನೆಯ, ಕಾರಕೂನ ಬರುವವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ರಾತ್ರಿ ಯಾರಾದರೂ ಕೈ ಹಾಕಿದರೆ ಗೊತ್ತಾಗಲಿ ಅಂತ ರಾಶಿಯ ಮೇಲೆ ಬೂದಿಯ ಗೆರೆ ಎಳೆಯುತ್ತಿದ್ದರಂತೆ. ಬೀಜ ನಮ್ಮದು, ಎತ್ತು ನಮ್ಮದು, ಗೊಬ್ಬರ ನಮ್ಮದು. ಅಳೆದ ಮೇಲೆ ಅರ್ಧ ಅವರದು. ಆ ಅರ್ಧವನ್ನು ವಾಡೆಗೆ ಮುಟ್ಟಿಸುವ ಕೆಲಸವೂ ಅಜ್ಜನದೇ. ಅಗಸಿ ಬಾಗಿಲ ಹತ್ತಿರ ಬಂದಾಗ ಕಾಲ್ಮರಿ, ಅಂದರೆ ಚಪ್ಪಲಿ, ಕಳಚಿ ಕೈಯಲ್ಲಿ ಹಿಡಿಯಬೇಕು. ತಲೆ ಮೇಲೆ ತಾನೇ ಬೆಳೆದ ಜೋಳದ ಚೀಲ, ಕೈಯಲ್ಲಿ ಕಾಲ್ಮರಿ. ಪಡಸಾಲೆಯಲ್ಲಿ ಕೂತವರು ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಸಣ್ಣವರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ದೇಸಾಯರು ಕೆಟ್ಟವರಾಗಿರಲಿಲ್ಲ. ಬರ ಬಿದ್ದಾಗ ನೆಲದೊಳಗಿನ ಕಾಳಿನ ಹಗೇವು ತೆಗೆಸಿ ಜೋಳ ಕೊಟ್ಟದ್ದನ್ನೂ ಅಜ್ಜಿಯೇ ಹೇಳುತ್ತಿದ್ದಳು. ಆದರೆ ಕೊಡದೇ ಇದ್ದಿದ್ದರೆ ಯಾರು ಕೇಳಬೇಕಿತ್ತು? ಧಣಿ ಒಳ್ಳೆಯವನಾದರೆ ಒಕ್ಕಲಿನ ಪುಣ್ಯ, ಕೆಟ್ಟವನಾದರೆ ಒಕ್ಕಲಿನ ಕರ್ಮ. ಹೀಗೆ ಬದುಕಬೇಕಾದ ಜನ ಒಂದಲ್ಲ ಒಂದು ದಿನ ಸಿಡಿದೇಳುತ್ತಾರೆ. ರಾಮದುರ್ಗ ಸಂಸ್ಥಾನದಲ್ಲಿ 1939ರಲ್ಲಿ ಆದದ್ದು ಅದೇ. ಪ್ರಜೆಗಳು ತಮ್ಮ ರಾಜನ ಆಡಳಿತದ ವಿರುದ್ಧವೇ ಎದ್ದರು, ರಕ್ತ ಹರಿಯಿತು.

ಹಳೆಯ ಮನೆತನಗಳ ಕಾಲವನ್ನು ಮುಗಿಸಿದ್ದರಲ್ಲಿ ಆ ಮನೆಗಳನ್ನು ಹತ್ತಿರದಿಂದ ಕಂಡವರದ್ದೂ ಕೈ ಇದೆ. ಜಮಖಂಡಿ ಸಂಸ್ಥಾನದಲ್ಲಿ ದಿವಾನರಾಗಿದ್ದ ಸಾವಳಗಿಯ ಬಿ.ಡಿ. ಜತ್ತಿಯವರೇ ಮುಂದೆ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ 1961ರ ಭೂಸುಧಾರಣಾ ಕಾಯ್ದೆ ಬಂತು. ನಮ್ಮಂಥವರಿಗೆ ಹೊಲ ಸಿಕ್ಕದ್ದು ಮಾತ್ರ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರದ್ದಾಯಿತು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಣೆ ಮಾಡುತ್ತಿತ್ತು. ಮೊದಮೊದಲು ಅಲ್ಲಿ ವಕೀಲರು ಬರುವಂತಿರಲಿಲ್ಲ. ಓದು ಬಾರದ ಅಜ್ಜ ದೇಸಾಯರ ಎದುರಿಗೇ ನಿಂತು, ಈ ಹೊಲ ನಾನು ಮಾಡೀನ್ರಿ, ನಮ್ಮಪ್ಪ ಮಾಡ್ಯಾನ್ರಿ ಅಂತ ತನ್ನ ಬಾಯಿಂದಲೇ ಹೇಳಿದ. ನನ್ನ ಮಟ್ಟಿಗೆ ಪ್ರಜಾಪ್ರಭುತ್ವ ನಮ್ಮೂರಿಗೆ ಬಂದದ್ದು ಆಗ.

ಕಳೆದುಹೋದ ಅಧಿಕಾರಕ್ಕೆ ಅಳದೆ ಹೊಸ ಕೆಲಸ ಹುಡುಕಿಕೊಂಡ ಮನೆಗಳೂ ಇವೆ. ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಆ ದುಡ್ಡು ಒಂದೇ ಸಮಾಜದ ಮಕ್ಕಳಿಗೆ ಹೋಯಿತು ಅನ್ನುವ ಮಾತಿದೆ, ಅದು ನಿಜವೂ ಹೌದು. ಆದರೂ ಅವರ ಫೋಟೋ ಕಂಡರೆ ನಾನು ಕೈ ಮುಗಿಯುತ್ತೇನೆ. ಯಾರೂ ಕೇಳದೆ ಕೊಟ್ಟವರು ಅವರು.

ಇನ್ನು ನಿಮ್ಮೂರ ಹುಡುಗರಿಗೆ ಒಂದು ಮಾತು. ಹಳೆಯ ರಾಜರಿಗೆ ಸರಕಾರ ಕೊಡುತ್ತಿದ್ದ ರಾಜಧನ 1971ರಲ್ಲಿ ನಿಂತಿತು. ವಾಡೆಗಳ ಗೋಡೆ ಮೇಲೆ ಅರಳಿ ಗಿಡ ಬೆಳೆದಿವೆ. ದೇಸಾಯರ ಮೊಮ್ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿ ಮಾಡುತ್ತಾರೆ, ಜಾತ್ರೆಗೆ ಬಂದು ಹೋಗುತ್ತಾರೆ. ಇವತ್ತು ನಮ್ಮ ಜಿಲ್ಲೆಗಳಲ್ಲಿ ಧಣಿಗಳು ಬೇರೆ. ಸಕ್ಕರೆ ಕಾರ್ಖಾನೆ, ಸೊಸೈಟಿ, ಕಾಲೇಜು, ಚುನಾವಣೆ ಟಿಕೆಟ್ ಎಲ್ಲ ಒಂದೇ ಮನೆಯೊಳಗೆ. ಅಪ್ಪನ ಆಮೇಲೆ ಮಗ, ಮಗನ ಆಮೇಲೆ ಸೊಸೆ. ಕಬ್ಬಿನ ಬಿಲ್ ಬಾಕಿ ಇಟ್ಟುಕೊಂಡವರ ಮಗ ಊರಿಗೆ ಬಂದರೆ ಅದೇ ಕಬ್ಬು ಬೆಳೆದವರ ಮಕ್ಕಳು ಜೆಸಿಬಿ ಮೇಲೆ ನಿಂತು ಹೂ ಸುರಿಯುತ್ತಾರೆ. ನನಗೆ ತೇರಿನ ಕಾಯಿಗಿಂತ ಇದು ಜಾಸ್ತಿ ಚಿಂತೆ. ಹಳೆಯ ದೇಸಾಯಿಯನ್ನು ಪ್ರಶ್ನೆ ಮಾಡುವ ಹುಡುಗರು ಹೊಸ ದೇಸಾಯಿಯನ್ನೂ ಕೇಳಲಿ.

ಕಾಯಿಯ ವಿಷಯಕ್ಕೆ ಬಂದರೆ, ಆ ಹೊತ್ತಿಗೆ ದೂರ ನಿಂತವರು ಯಾರು ಅಂತ ನೋಡಿ. ದಲಿತರ ಕೇರಿಯವರು ತೇರಿನ ಹಗ್ಗ ಹಿಡಿಯುತ್ತಾರಾ? ಅವರು ಕೊಟ್ಟ ಕಾಯಿಯನ್ನು ಪೂಜಾರಿ ಒಡೆಯುತ್ತಾನಾ? ಹಲಗೆ ಬಾರಿಸುವವರಿಗೆ ಕೂಲಿ ಉಂಟಾ, ಇಲ್ಲ ಹಿಂದಿನ ಹಾಗೆ ಬಿಟ್ಟಿಯಾ? ಇದರಲ್ಲಿ ಒಂದಕ್ಕೆ ಇಲ್ಲ ಅಂತ ಉತ್ತರ ಬಂದರೂ ದೇಸಾಯರ ಕಾಯಿಗಿಂತ ಮೊದಲು ಅದನ್ನು ಸರಿಮಾಡಿ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯ ಪ್ರಕಾರ ಅಪರಾಧ, ಅಲ್ಲಿ ಹಿರಿಯರ ಒಪ್ಪಿಗೆ ಕೇಳುವ ಮಾತೇ ಇಲ್ಲ. ಎಲ್ಲರೂ ಸರಿಸಮ ನಿಂತಿದ್ದಾರೆ ಅಂತಾದರೆ ಕಾಯಿಯ ಪಾಳಿಯನ್ನು ಓಣಿಗೊಂದು ವರ್ಷದಂತೆ ಇಡಿ, ದೇಸಾಯರ ಓಣಿಯೂ ಅದರಲ್ಲಿ ಬರಲಿ.

ಜಾತ್ರಾ ಕಮಿಟಿ ಕೂಡುವಾಗ ದೇಸಾಯರ ಮನೆಯ ಹಿರಿಯರನ್ನೂ ಕೇರಿಯ ಹಿರಿಯರನ್ನೂ ಒಂದೇ ಜಮಖಾನೆ ಮೇಲೆ ಕೂರಿಸಿ ಮಾತಾಡಿ. ತೇರಿನ ಹಿಂದಿನ ದಿನ ಈ ಮಾತು ಎತ್ತಿದರೆ ಬಡಿದಾಟ ಗ್ಯಾರಂಟಿ. ಜಾತ್ರೆಯ ಪಟ್ಟಿ, ಅಂದರೆ ವಂತಿಗೆ, ಎತ್ತುವುದಕ್ಕಿಂತ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.