ಪಕ್ಕದಲ್ಲಿರುವವರಿಗೂ ಒಂದು ಪುಟ ಬೇಕು

ನಮಸ್ಕಾರ.

ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು, ಅದರ ಪುಸ್ತಕಗಳೇ ಮನೆಯಲ್ಲಿ ಒಂದು ಸಾಲು ಇವೆ ಎಂದು ಬರೆದಿದ್ದೀರಿ. "ಎಲ್ಲವೂ ಅವರಿಗೆ ಹೇಳುತ್ತವೆ, ನನಗೆ ಹೇಳುವುದು ಒಂದೂ ಇಲ್ಲ. ಬಾಯಿ ತೆರೆದರೆ ಜಗಳ, ಸುಮ್ಮನಿದ್ದರೆ ಭಯ. ಒಂದು ಒಳ್ಳೆಯ ಪುಸ್ತಕ ತಿಳಿಸಿ" ಎಂದು ಕೇಳಿದ್ದೀರಿ.

ಒಂದು ಹೆಸರು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅವರದು ಟೈಪ್ 1 ಅಥವಾ ಟೈಪ್ 2, ಮಾತ್ರೆಯೋ ಇನ್ಸುಲಿನ್ನೋ ಎಂಬುದು ಪತ್ರದಲ್ಲಿಲ್ಲ. ಅದು ಬೇರೆಯಾದರೆ ಪುಸ್ತಕವೂ ಬೇರೆ. ಹಾಗಾಗಿ ಇಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ಏನು ಹುಡುಕುತ್ತೇನೆ ಎಂಬುದನ್ನು ಹೇಳುತ್ತೇನೆ.

ಶುಗರ್ ಇಳಿದಾಗ ಏನು ಮಾಡಬೇಕು ಎಂಬ ಪುಟ. ನನ್ನ ತಂದೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಒಂದು ಸಂಜೆ ಅಮ್ಮನ ಮೇಲೆ ಕಾರಣವಿಲ್ಲದೆ ರೇಗಿದರು. ಹಣೆ ಬೆವರಿತ್ತು, ಮಾತು ತೊದಲುತ್ತಿತ್ತು. ಸಿಟ್ಟು ಇಳಿಯಲಿ ಎಂದು ನಾವು ಕೋಣೆಯಿಂದ ಹೊರಗೆ ಬಂದೆವು. ಮತ್ತೆ ಹೋಗಿ ನೋಡಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಪುಣ್ಯಕ್ಕೆ ಉಳಿದುಕೊಂಡರು. ಮನೆಯಲ್ಲಿದ್ದ ಪುಸ್ತಕದಲ್ಲಿ ಬೆವರು, ನಡುಕ, ಗೊಂದಲ, ಸಿಡುಕು ಎಲ್ಲವೂ ಇದ್ದವು, ಆದರೆ 'ನಿಮಗೆ ಹೀಗಾದರೆ' ಎಂದು ಅಪ್ಪನಿಗೆ ಬರೆದ ಹಾಗಿದ್ದವು. ಆ ಹೊತ್ತಿನಲ್ಲಿ ಆ ಪುಟ ಓದಲಾಗದವರು ಅವರೊಬ್ಬರೇ.

ಒಳ್ಳೆಯ ಪುಸ್ತಕ ಅದನ್ನು ನಿಮಗೇ ಹೇಳುತ್ತದೆ: ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ನುಂಗುವ ಸ್ಥಿತಿಯಲ್ಲಿದ್ದರೆ, 15 ಗ್ರಾಂ ಗ್ಲೂಕೋಸನ್ನು ಇಲ್ಲವೇ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ, ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ. ಶುಗರ್ ಏರಿಸುವ ತುರ್ತು ಔಷಧವಾದ ಗ್ಲುಕಗಾನ್ ಇದ್ದು ಕೊಡಲು ಕಲಿತಿದ್ದರೆ ಕೊಡಿ.

'ಇನ್ಸುಲಿನ್ ಬಿಡಿಸುತ್ತೇವೆ' ಎನ್ನುವ ಒಂದು ಪುಸ್ತಕವೂ ಸಾಲಿನಲ್ಲಿದೆ ಎಂದಿದ್ದೀರಿ. ಟೈಪ್ 2 ಇರುವ ಕೆಲವರು ತೂಕ ಇಳಿಸಿ, ವೈದ್ಯರ ಕಣ್ಗಾವಲಿನಲ್ಲಿ ಔಷಧ ಬಿಟ್ಟಿರುವುದು ನಿಜ. ಆದರೆ ಟೈಪ್ 1 ಇದ್ದವರ ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗುವುದಿಲ್ಲ, ಅವರಿಗೆ ಈ ಮಾತು ಪ್ರಾಣಕ್ಕೆ ಎರವು. 1918ರಲ್ಲಿ ಅಮೆರಿಕದ ವೈದ್ಯ ಎಲಿಯಟ್ ಜೋಸ್ಲಿನ್ ರೋಗಿಗಳಿಗೂ ವೈದ್ಯರಿಗೂ ಸೇರಿಸಿ ಕೈಪಿಡಿ ಬರೆದಾಗ ಕಟ್ಟುನಿಟ್ಟಿನ ಅರೆಹೊಟ್ಟೆ ಪಥ್ಯಕ್ಕಿಂತ ಹೆಚ್ಚಿನದನ್ನು ಕೊಡಲು ಅವರ ಬಳಿ ಇರಲಿಲ್ಲ. 1922ರಲ್ಲಿ ಇನ್ಸುಲಿನ್ ಮನುಷ್ಯರಿಗೆ ಸಿಕ್ಕಿತು. ಸ್ವತಃ ಈ ಕಾಯಿಲೆ ಇದ್ದ ಲಂಡನ್ನಿನ ವೈದ್ಯ ರಾಬರ್ಟ್ ಲಾರೆನ್ಸ್ 1923ರಲ್ಲಿ ಅದರಿಂದಲೇ ಬದುಕುಳಿದು, ಎರಡು ವರ್ಷದಲ್ಲಿ ಪುಸ್ತಕ ಬರೆದರು. ವಿವೇಚನೆಯಿಲ್ಲದೆ ಎಲ್ಲರಿಗೂ ಇನ್ಸುಲಿನ್ ಬಿಡಿ ಎನ್ನುವ ಪುಸ್ತಕವನ್ನು ದಯವಿಟ್ಟು ಆ ಸಾಲಿನಿಂದ ತೆಗೆದುಬಿಡಿ.

ಇನ್ನು ಜಗಳದ ಮಾತು. ಸಕ್ಕರೆ ಕಾಯಿಲೆಯವರ ಮನಸ್ಸಿನ ಭಾರ ಅಳೆಯಲು 1995ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಬಂತು. ಮನೆಯವರ, ಸ್ನೇಹಿತರ ಬೆಂಬಲ ಇಲ್ಲವೆಂದು ಅನಿಸುತ್ತದೆಯೇ ಎಂಬುದೂ ಅದರಲ್ಲೊಂದು. ನೀವು ಬೆಂಬಲ ಕೊಡುತ್ತಿಲ್ಲ ಎನ್ನುತ್ತಿಲ್ಲ, ಕೊಟ್ಟದ್ದು ಅವರಿಗೆ ಕಾವಲಿನಂತೆ ಕಾಣುತ್ತಿರಬಹುದು. ಜ್ವರ, ನಿದ್ದೆಗೇಡು, ಚಿಂತೆ, ಸ್ಟೆರಾಯ್ಡ್ ಔಷಧ, ಇವುಗಳಿಂದಲೂ ಶುಗರ್ ಏರುತ್ತದೆ. ಇದನ್ನು ಬಿಡಿಸಿ ಹೇಳುವ ಪುಸ್ತಕ ಓದಿದ ಮೇಲೆ "ಇವತ್ತು ಏನು ತಿಂದಿರಿ?" ಎಂಬ ಪ್ರಶ್ನೆ ತಾನಾಗಿ ನಾಲಿಗೆಯ ತುದಿಯಲ್ಲೇ ನಿಲ್ಲುತ್ತದೆ. ನನಗಂತೂ ನಿಂತಿತು, ತಡವಾಗಿ.

ಅವರ ಔಷಧದ ಚೀಟಿ ನೋಡಿ ಇನ್ನೊಂದು ಪತ್ರ ಬರೆಯಿರಿ, ಪುಸ್ತಕಗಳ ಹೆಸರು ಕಳಿಸುತ್ತೇನೆ. ಅಲ್ಲಿಯವರೆಗೆ, ಮನೆಯಲ್ಲಿರುವ ಪುಸ್ತಕದಲ್ಲಿ ಆ ಒಂದು ಪುಟ ಹುಡುಕಿ, ಇಬ್ಬರೂ ಕೂತು ಓದಿ, ಗ್ಲೂಕೋಸ್ ಎಲ್ಲಿದೆ ಎಂದು ಅದರ ಅಂಚಿನಲ್ಲಿ ಬರೆದಿಡಿ.

— ಸಂಪಾದಕ