ಮೀನಕಿಂತ ಮೊದಲು ಸ್ಪಂಜ್ ಸಾಗಿಸ್ರಿ

2 ಅಡಿ ಟ್ಯಾಂಕಿನ 6 ಗೋಲ್ಡ್‌ಫಿಶ್ 4 ಅಡಿ ಹೊಸ ಟ್ಯಾಂಕಿಗೆ ಹಾಕೋದೈತಿ, ಮೀನಿರೋ ಕವರ್ ಹೊಸ ನೀರಿನ ಮ್ಯಾಲ ತೇಲಿಸಿ ಬಿಡೋದು ಚಲೋನೋ, ಮೀನಿರೋ ನೀರಿಗೆ ಹೊಸ ನೀರು ಹನಿ ಹನಿ ಬಿಡೋದು ಚಲೋನೋ ಅಂತ ಕೇಳೀರಿ. ನಾ ಎರಡೂ ಮಾಡಿದ್ದೆ ನೋಡ್ರಿ. ಅರ್ಧ ತಾಸು ತೇಲಿಸಿ, ಆಮ್ಯಾಲ ಎರಡು ತಾಸು ಹನಿ ಬಿಟ್ಟು, ಮದುವಿ ಮನಿ ಬೀಗರಂಗ ಉಪಚಾರ ಮಾಡಿ ಇಳಿಸಿದೆ. ಮೊದಲನೇ ದಿನ ಆರೂ ಚಂದ ತಿಂದುವು. ಮೂರನೇ ದಿನ ಮ್ಯಾಲ ಬಂದು ಗುಟುಕು ಗುಟುಕು ಗಾಳಿ ಎಳೀಲಿಕ್ಕೆ ಹತ್ತಿದುವು, ಕಿವಿರು ಕೆಂಪಾಗಿದ್ದುವು. ಐದನೇ ದಿನ ಎರಡು ಹೋದುವು.

ತಪ್ಪು ಆಗಿದ್ದು ಮೀನು ಸಾಗಿಸೋ ಹಿಂದಿನ ದಿನ ಸಂಜಿಕ. ಹಳೇ ಫಿಲ್ಟರಿನ ಸ್ಪಂಜ್ ಕಂದು ಬಣ್ಣಕ್ಕ ತಿರುಗಿತ್ತು. ಹೊಸ ಟ್ಯಾಂಕಿಗೆ ಇಂಥಾ ಹೊಲಸು ಯಾಕ ಅಂತ ನಳದ ಕೆಳಗ ಹಿಡದು, ನೀರು ತಿಳಿ ಆಗೋತನಕ ಹಿಂಡಿದೆ. ಟ್ಯಾಂಕಿನ ತಳದ ಹಳಕು (ಸಣ್ಣ ಕಲ್ಲು) ಸೈತ ತೊಳದು ಮಾಳಗಿ ಮ್ಯಾಲ ಬಿಸಲಾಗ ಒಣಗಿಸಿದೆ. ಸವದತ್ತಿ ಡ್ಯಾಮಿನ ಮಲಪ್ರಭಾ ನೀರು ಅಮ್ಮಿನಬಾವಿಯೊಳಗ ಶುದ್ಧ ಆಗಿ ನಮ್ಮ ಧಾರವಾಡಕ್ಕ ಬರ್ತೈತಿ. ಅವತ್ತು ಆಗಷ್ಟ ಬಂದ ನೀರು, ಕ್ಲೋರಿನ್ ಮೂಗಿಗೆ ಹೊಡೀತಿತ್ತು. ಮೀನಿನ ಉಚ್ಚಿ-ಹೇಲು, ಕಿವಿರಿನಿಂದ ಬರೋ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರೋದು ಆ ಕಂದು ಲೋಳಿಯೊಳಗ, ಕ್ಲೋರಿನ್ನಿಗೆ ಅವು ಸಾಯ್ತಾವ. ನಾ ಹೊಲಸು ಅಂದದ್ದು ಎರಡು ವರ್ಷ ಬೆಳೆದ ಫಿಲ್ಟರ್. ಸ್ಪಂಜ್ ಬರೇ ಅದರ ಮನಿ.

ಅದರ ಮ್ಯಾಲ ಹೊಸ ಟ್ಯಾಂಕಿಗೆ ತುಂಬಿದ್ದು ಬೋರ್ ನೀರು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) 8. ಅಮೋನಿಯಾದಾಗ ವಿಷದ ರೂಪ ಪಿಎಚ್ 7ಕ್ಕ ನೂರರಾಗ ಒಂದು ಪಾಲೂ ಇರಂಗಿಲ್ಲ, 8ಕ್ಕ ಐದು ಪಾಲು ದಾಟ್ತೈತಿ. ಅಷ್ಟ ಅಮೋನಿಯಾ, ಹತ್ತು ಪಟ್ಟು ಹೊಡೆತ. ಅದಕ್ಕ ಕವರೋ ಹನಿಯೋ ಅನ್ನೋದು ಆಮೇಲಿನ ಮಾತು.

ನೀವು ಹಿಂಗ ಮಾಡ್ರಿ. 4 ಅಡಿ ಉದ್ದ, ಒಂದೂವರಿ ಅಗಲ, ಒಂದೂವರಿ ಎತ್ತರ ಅಂದ್ರ ಸುಮಾರು 250 ಲೀಟರ್. ಗ್ಲಾಸು, ಹಳಕು ಕೂಡಿದ್ರ 300 ಕೆಜಿ ಸುಮಾರು. ಟೀಪಾಯಿ ಮ್ಯಾಲ ಇಡಬ್ಯಾಡ್ರಿ, ಗಟ್ಟಿ ಸ್ಟ್ಯಾಂಡ್, ಕೆಳಗ ಥರ್ಮಾಕೋಲ್. ನಳದ ನೀರು ಬಂದ ದಿನ ಬ್ಯಾರಲ್ ತುಂಬಿ, 200 ಲೀಟರಿಗೆ 3 ಗ್ರಾಂ ಹೈಪೋ ಕರಗಿಸಿ ಹಾಕ್ರಿ. ಮೀನಿನ ಅಂಗಡ್ಯಾಗ ಆಂಟಿ ಕ್ಲೋರಿನ್ ಅಂತ ಹರಳಿನ ರೂಪದಾಗ ಕೊಡ್ತಾರಲ್ಲ, ಅದ. ಬೇಸಿಗಿ ಮಧ್ಯಾಹ್ನ ಮಾಳಗಿ ಟ್ಯಾಂಕಿನ ನೀರು ಮಾತ್ರ ನೇರ ಬಿಡಬ್ಯಾಡ್ರಿ, ಕಾದಿರ್ತೈತಿ. ಸಾಗಿಸೋಕಿಂತ ಒಂದು ದಿನ ಮೊದಲ ಮೀನಿಗೆ ಊಟ ನಿಲ್ಲಿಸ್ರಿ.

ಹಳೇ ಟ್ಯಾಂಕಿನ ನೀರು ಮೊದಲು ಬಕೀಟಿಗೆ ಎಳದು 4-5 ಇಂಚಿಗೆ ಇಳಿಸ್ರಿ. ಪೂರ್ತಿ ನೀರಿನ್ಯಾಗ ಬೆನ್ನ ಹತ್ತಿದ್ರ ಮೀನು ಸುಸ್ತಾಗ್ತಾವ, ಬಲಿಗೆ ರೆಕ್ಕಿ ಹರೀತಾವ. ದೊಡ್ಡ ಗೋಲ್ಡ್‌ಫಿಶ್ಶಿಗೆ ಬಲಿಕಿಂತ ಪ್ಲಾಸ್ಟಿಕ್ ಡಬ್ಬಿ ಚಲೋ, ನೀರಿನ ಸಮೇತ ಎತ್ತಬಹುದು. ಹಳಕು ತಗಿಯೋದು ಮೀನು ಹೊರಗ ಬಂದ ಮ್ಯಾಲ. ಕೆದರಿದ್ರ ಕೆಳಗಿನ ಕೊಳೆ ಎಲ್ಲಾ ಒಮ್ಮೆ ಏಳ್ತೈತಿ.

ಹಳೇ ಟ್ಯಾಂಕಿನ ಫಿಲ್ಟರ್ ಕಡೀಕ ಬಿಚ್ಚಿ, ಹೊಸ ಟ್ಯಾಂಕಿಗೆ ಎಲ್ಲಕ್ಕಿಂತ ಮೊದಲು ಹಾಕ್ರಿ. ಸ್ಪಂಜ್ ಹಿಂಡಲೇ ಬೇಕಂದ್ರ ಹಳೇ ಟ್ಯಾಂಕಿನ ನೀರು ಬಕೀಟಿನ್ಯಾಗ ಹಿಡದು ಎರಡು ಸಲ ಒತ್ರಿ, ಸಾಕು. ಒಣಗಾಕ ಬಿಡಬ್ಯಾಡ್ರಿ. ಹಳೇದೂ ಹೊಸದೂ ಎರಡೂ ಫಿಲ್ಟರ್ ಆರು ವಾರ ಜೋಡಿಯಾಗಿ ಓಡ್ಲಿ. ಹಳೇ ನೀರು ತುಂಬಿದ್ರ ಬ್ಯಾಕ್ಟೀರಿಯಾ ಬರ್ತಾವ ಅಂತ ಅಂಗಡಿಯವರು ಹೇಳ್ತಾರ, ನಂಬಬ್ಯಾಡ್ರಿ. ಅವು ನೀರಿನ್ಯಾಗ ತೇಲಂಗಿಲ್ಲ, ಸ್ಪಂಜು, ಹಳಕು, ಗ್ಲಾಸಿಗೆ ಅಂಟಿರ್ತಾವ. ಹಳೇ ನೀರು ಉಪಯೋಗ ಆಗೋದು ಮೀನಿಗೆ ಬದಲಾವಣೆ ಕಡಿಮಿ ಅನ್ನಿಸಲಿಕ್ಕೆ ಅಷ್ಟ.

ಈಗ ನಿಮ್ಮ ಪ್ರಶ್ನಿ. ಎರಡೂ ಟ್ಯಾಂಕಿನ ಟಿಡಿಎಸ್ (ನೀರಿನ್ಯಾಗ ಕರಗಿದ ಉಪ್ಪು-ಖನಿಜದ ಅಳತಿ), ಪಿಎಚ್ ಹತ್ರ ಹತ್ರ ಇದ್ರ ಇಪ್ಪತ್ತು ನಿಮಿಷ ತೇಲಿಸಿ, ಉಷ್ಣತೆ ಎರಡು ಡಿಗ್ರಿಯೊಳಗ ಬಂದ ಕೂಡ್ಲೆ ಬಿಡ್ರಿ. ಬೋರ್ ನೀರೇ ಗತಿ, ಟಿಡಿಎಸ್ ಮುನ್ನೂರು ಹೆಚ್ಚೈತಿ ಅಂದ್ರ ಹತ್ತು ನಿಮಿಷಕ್ಕೊಂದು ಲೋಟ ಬೆರೆಸ್ತಾ ಒಂದು ತಾಸು ತಗೋರಿ. ಕೊರಿಯರ್‌ದಾಗ ಬಂದ ಮೀನಿಗೆ ಮಾತ್ರ ಈ ಮಾತು ಉಲ್ಟಾ. ಕವರ್ ಬಿಚ್ಚಿದ ಕೂಡ್ಲೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿ ಪಿಎಚ್ ಏರ್ತೈತಿ, ಕೂಡಿದ್ದ ಅಮೋನಿಯಾ ವಿಷ ಆಗ್ತೈತಿ. ಅಲ್ಲಿ ಹನಿ ಬಿಟ್ಕೊಂತ ಕುಂದ್ರಬ್ಯಾಡ್ರಿ.

ಎರಡು ವಾರ ಊಟ ಅರ್ಧ ಮಾಡ್ರಿ, ದಿನಾ ಅಮೋನಿಯಾ ಟೆಸ್ಟ್ ಮಾಡ್ರಿ. ಲೀಟರಿಗೆ 0.25 ಮಿಲಿಗ್ರಾಂ ದಾಟಿದ್ರ ಮೂರನೇ ಒಂದು ಪಾಲು ನೀರು ಬದಲಿಸ್ರಿ, ಹೈಪೋ ಮರೀಬ್ಯಾಡ್ರಿ. ಹಳೇ ಟ್ಯಾಂಕ್ ಮಾರೋ ಅವಸರ ಬ್ಯಾಡ. ಒಂದು ತಿಂಗಳು ಮೂಲ್ಯಾಗ ಇರ್ಲಿ, ಏನರ ಕೆಟ್ರ ಮೀನು ಎತ್ತಿ ಇಡಾಕ ಜಾಗ ಬೇಕಲ್ರಿ.