ಟಿಕೆಟ್ ಕೊಂಡವರಿಗೆ ಬೈಯುವ ಹಕ್ಕಿಲ್ಲವೇ?

ದಾವಣಗೆರೆಯ ವಿದ್ಯಾನಗರದಿಂದ ಬಂದ ಪತ್ರದ ಸಾರ ಇಷ್ಟು: "ಗೆಳೆಯರ ಜೊತೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಫುಟ್ಬಾಲ್ ಪಂದ್ಯ ನೋಡಿದೆ. ಮೈದಾನದ ಅಂಚಿನಲ್ಲಿ ಆಡುವ ನಮ್ಮದೇ ವಿಂಗರ್ ಒಬ್ಬ ಮೇಲಿಂದ ಮೇಲೆ ಚೆಂಡು ಕಳೆದುಕೊಳ್ಳುತ್ತಿದ್ದ. 'ಹೊರಗೆ ಕರೀರೋ ಅವನ್ನ' ಅಂತ ಕೂಗಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ 'ಬೈಯೋದಾದ್ರೆ ಮನೇಲಿ ಟಿವಿ ಮುಂದೆ ಕೂತ್ಕೊಳಪ್ಪ' ಎಂದರು. ದುಡ್ಡು ಕೊಟ್ಟು, ರಜೆ ಹಾಕಿ ಹೋದವನು ಬರೀ ಚಪ್ಪಾಳೆ ತಟ್ಟಬೇಕೇ? ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯವರೇ ಬೈಯಿರಿ ಎಂದಿರಲಿಲ್ಲವೇ? ಗ್ಯಾಲರಿಯಲ್ಲಿ ಭಟ್ಟಂಗಿಗಳಿಗೆ ಮಾತ್ರ ಜಾಗವೇ?"

ಪ್ರಿಯ ಓದುಗರೆ,

ಹಕ್ಕಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ನಿಮಗೆ ಹಕ್ಕಿದೆ. ಮನೆಗೆ ಹೋಗು ಎನ್ನುವ ಅಧಿಕಾರ ಆ ಹಿರಿಯರಿಗೆ ಇರಲಿಲ್ಲ. ಆದರೆ ಆ ಕೂಗಿನಿಂದ ನಿಮ್ಮ ತಂಡಕ್ಕೆ ಏನಾಯಿತು ಎಂಬುದು ಬೇರೆಯೇ ಪ್ರಶ್ನೆ. ಅದರಲ್ಲಿ ನಾನು ನಿಮ್ಮ ಕಡೆ ಇಲ್ಲ.

ಛೆಟ್ರಿಯವರ ಮಾತು ನಿಮ್ಮ ಗಟ್ಟಿ ಸಾಕ್ಷಿ, ಅದನ್ನು ತೇಲಿಸಿ ಬಿಡುವಂತಿಲ್ಲ. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದಿದ್ದವರು ಎರಡೂವರೆ ಸಾವಿರದಷ್ಟು ಜನ. ಮಾರನೆಯ ದಿನ ಛೆಟ್ರಿ ವಿಡಿಯೊ ಮಾಡಿ ಕೈಮುಗಿದು ಕೇಳಿಕೊಂಡರು: ಇಂಟರ್ನೆಟ್ಟಿನಲ್ಲಿ ಕೂತು ಬೈಯಬೇಡಿ, ಮೈದಾನಕ್ಕೆ ಬಂದು ನಮ್ಮ ಮುಖದೆದುರೇ ಕೂಗಿ, ಬೈಯಿರಿ. ಹೌದು, ಮೈದಾನದಲ್ಲೇ ಬೈಯಿರಿ ಎಂದಿದ್ದರು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಇತ್ತು: ಯಾರಿಗೆ ಗೊತ್ತು, ಒಂದು ದಿನ ನಿಮ್ಮ ಮನಸ್ಸು ಬದಲಾಗಿ ನಮಗಾಗಿ ಜೈಕಾರ ಹಾಕಲೂಬಹುದು. ಖಾಲಿ ಕುರ್ಚಿಗಳನ್ನು ಕಂಡ ನಾಯಕ, ಬಾರದೇ ಇದ್ದವರನ್ನು ಕರೆದ ಪರಿ ಅದು. ನೀವು ಆಗಲೇ ಬಂದು ಕೂತವರು. ಜೂನ್ 4ರಂದು ಕೀನ್ಯಾ ವಿರುದ್ಧ ಅವರ ನೂರನೇ ಪಂದ್ಯಕ್ಕೆ ಟಿಕೆಟ್ಟೆಲ್ಲ ಖರ್ಚಾಗಿ, ಭಾರತ 3-0ರಿಂದ ಗೆದ್ದಿತು.

ಈಗ ಆ ವಿಂಗರ್ ವಿಚಾರ. ಅವನು ತಪ್ಪು ಆಡುತ್ತಿದ್ದ ಎಂದೇ ಇಟ್ಟುಕೊಳ್ಳೋಣ. ಚೆಂಡು ಸಿಕ್ಕಾಗಲೆಲ್ಲ ಗೆರೆಯ ಕಡೆಗೇ ಓಡುತ್ತಿದ್ದ, ಒಳಕ್ಕೆ ತಿರುಗುತ್ತಲೇ ಇರಲಿಲ್ಲ ಎಂದು ಬರೆದಿದ್ದೀರಿ. ಒಳ್ಳೆಯ ಗಮನಿಕೆ. ಆದರೆ ಅವನಿಗೆ ಕೇಳಿದ್ದು ಇದಲ್ಲ. ನಮ್ಮ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಅಖಾಡದ ಅಂಚಿಗೆ ಕೂತವರು ಪಟ್ಟಿನ ಹೆಸರು ಹಿಡಿದು ಕೂಗಿದರೆ ಪೈಲ್ವಾನನ ಕಿವಿಗೆ ಬೀಳುತ್ತದೆ, ಬೇಕಾದರೆ ಹಾಕುತ್ತಾನೆ. ಫುಟ್ಬಾಲ್ ಗ್ಯಾಲರಿಯಿಂದ ಹೋಗುವುದು ಬರೀ 'ಹೋ' ಎಂಬ ಸದ್ದು. ನಿಮ್ಮ ಲೆಕ್ಕಾಚಾರ, ಪಕ್ಕದವನ ಕೆಟ್ಟ ಬೈಗುಳ, ಹಿಂದಿನವನ ಬೇಸರ ಎಲ್ಲ ಕಲಸಿ ಒಂದೇ ಗದ್ದಲವಾಗಿ ಇಳಿಯುತ್ತದೆ. ಅದನ್ನು ಕೇಳಿದ ಆಟಗಾರ ಮಾಡುವುದೇನು? ಡಿಫೆಂಡರ್‌ನನ್ನು ದಾಟುವ ಗೊಡವೆಗೇ ಹೋಗುವುದಿಲ್ಲ. ಚೆಂಡು ಬಂದ ತಕ್ಷಣ ಹಿಂದಕ್ಕೆ ತಳ್ಳುತ್ತಾನೆ. ಇನ್ನೂ ಹೆದರಿದರೆ ಚೆಂಡು ಬಾರದ ಕಡೆ ಹೋಗಿ ನಿಲ್ಲುತ್ತಾನೆ. ತಪ್ಪು ಕಡಿಮೆಯಾದಂತೆ ಕಾಣುತ್ತದೆ, ಗ್ಯಾಲರಿಗೂ ಸಮಾಧಾನ. ಆದರೆ ತಂಡದಲ್ಲಿ ಹತ್ತೇ ಜನ ಆಡುತ್ತಿರುತ್ತಾರೆ.

ಇದರಲ್ಲಿ ನನ್ನ ನೆಚ್ಚಿನ ಉದಾಹರಣೆ ಇಂಗ್ಲೆಂಡಿನ ಆರ್ಸೆನಲ್ ತಂಡದಲ್ಲಿದ್ದ ಗ್ರಾನಿಟ್ ಝಾಕಾ. 2019ರ ಅಕ್ಟೋಬರ್ 27, ತವರಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಪಂದ್ಯ. 2-0 ಮುನ್ನಡೆ ಕೈಜಾರಿ 2-2 ಆಗಿತ್ತು. ನಾಯಕ ಝಾಕಾ ಅವರನ್ನು ಹೊರಗೆ ಕರೆದಾಗ ಅವರದೇ ಅಭಿಮಾನಿಗಳು ಹರ್ಷೋದ್ಗಾರ ಮಾಡಿದರು. ಅವರು ನಿಧಾನಕ್ಕೆ ನಡೆದಾಗ ಹೂಯ್ಲೆಬ್ಬಿಸಿದರು. ಝಾಕಾ ಕಿವಿಗೆ ಕೈಯಿಟ್ಟು 'ಇನ್ನೂ ಜೋರಾಗಿ' ಎಂಬಂತೆ ಸನ್ನೆ ಮಾಡಿ, ಜೆರ್ಸಿ ಕಳಚಿ ಒಳಹೋದರು. ನಾಯಕತ್ವ ಹೋಯಿತು. ಒಂದು ತಿಂಗಳಲ್ಲಿ ಕೋಚ್ ಉನೈ ಎಮೆರಿಯೂ ಹೋದರು. ಆ ಸಾಲಿನ ಲೀಗಿನಲ್ಲಿ ಆರ್ಸೆನಲ್ ಎಂಟನೆಯ ಸ್ಥಾನಕ್ಕಿಳಿಯಿತು. ಹೂಯ್ಲಿನಿಂದಲೇ ಇಳಿಯಿತು ಎನ್ನುತ್ತಿಲ್ಲ, ತಂಡದಲ್ಲಿ ಬೇರೆ ರೋಗಗಳಿದ್ದವು. ಕೂಗಿದವರಿಗೆ ಸಿಕ್ಕಿದ್ದೇನು ಎಂದಷ್ಟೇ ಕೇಳುತ್ತಿದ್ದೇನೆ.

ಮುಂದಿನ ಕೋಚ್ ಮೈಕೆಲ್ ಆರ್ಟೆಟಾ, ಹೊರಟು ನಿಂತಿದ್ದ ಝಾಕಾ ಅವರ ಮನವೊಲಿಸಿ ಉಳಿಸಿಕೊಂಡರು. 2022-23ರಲ್ಲಿ ಅವರನ್ನು ಇನ್ನೂ ಮುಂದಕ್ಕೆ, ಎಡಗಡೆಗೆ ಆಡಿಸಿದರು. ಗೋಲುಗಳು ಬಂದವು. ಅದೇ ಗ್ಯಾಲರಿ 'ಇಲ್ಲೇ ಇರು' ಎಂದು ಹಾಡಿತು. ಅಲ್ಲಿಂದ ಜರ್ಮನಿಯ ಲೆವರ್‌ಕೂಸೆನ್ ಸೇರಿದ ಝಾಕಾ, ಮೊದಲ ಸಾಲಿನಲ್ಲೇ ಒಂದೂ ಪಂದ್ಯ ಸೋಲದೆ ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾ ಗೆದ್ದ ತಂಡದಲ್ಲಿದ್ದರು. ನಿಂತ ಜಾಗ ಸರಿಯಿರಲಿಲ್ಲ. ಬೈಗುಳ ಬಿದ್ದದ್ದು ಮನುಷ್ಯನಿಗೆ.

ನಮ್ಮೂರಿನ ಉದಾಹರಣೆಗೆ ಕ್ರಿಕೆಟ್ಟಿಗೆ ಜಿಗಿಯಬೇಕು, ಕ್ಷಮಿಸಿ. 2013ರ ನವೆಂಬರ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ 9 ಓವರಿಗೆ 102 ರನ್ ಕೊಟ್ಟರು. ಆಮೇಲೆ ನಡೆದ ಗೇಲಿ ಗೊತ್ತೇ ಇದೆ. ಅದೇ ಸಾಲಿನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು.

ಹಾಗಂತ ಗ್ಯಾಲರಿಯ ಹಾಡೇ ಪಂದ್ಯ ಗೆಲ್ಲಿಸುತ್ತದೆ ಎನ್ನುವವರ ಗುಂಪಿಗೂ ನನ್ನನ್ನು ಸೇರಿಸಬೇಡಿ. 2005ರ ಚಾಂಪಿಯನ್ಸ್ ಲೀಗಿನ ಇಸ್ತಾಂಬುಲ್ ಫೈನಲ್ ಕಥೆಯನ್ನು ಅವರು ಯಾವಾಗಲೂ ತೆಗೆಯುತ್ತಾರೆ: ಎಸಿ ಮಿಲಾನ್ ಎದುರು ಅರ್ಧ ಆಟಕ್ಕೆ 0-3 ಹಿಂದಿದ್ದ ಲಿವರ್‌ಪೂಲ್‌ಗೆ ಅಭಿಮಾನಿಗಳು ವಿರಾಮದಲ್ಲಿ ಹಾಡಿ ಹುರುಪು ತುಂಬಿದರು, ತಂಡ 3-3 ಮಾಡಿಕೊಂಡು ಪೆನಾಲ್ಟಿಯಲ್ಲಿ ಗೆದ್ದಿತು. ಹಾಡಿದ್ದು ನಿಜ. ವಿರಾಮದಲ್ಲಿ ಕೋಚ್ ಬೆನಿಟೆಝ್ ಒಬ್ಬ ಡಿಫೆಂಡರ್‌ನನ್ನು ತೆಗೆದು ಹಮಾನ್ ಅವರನ್ನು ನಡುವೆ ಇಳಿಸಿದ್ದೂ ನಿಜ. ನನ್ನ ಓಟು ಹಮಾನ್‌ಗೆ.

ಆದರೂ ಗ್ಯಾಲರಿಗೆ ತೂಕವಿದೆ. ಕೋವಿಡ್ ಕಾಲದ 2020-21ರ ಪ್ರೀಮಿಯರ್ ಲೀಗ್ ಹೆಚ್ಚುಕಡಿಮೆ ಪೂರ್ತಿ ಖಾಲಿ ಕ್ರೀಡಾಂಗಣಗಳಲ್ಲಿ ನಡೆಯಿತು. ತವರಿನ ತಂಡಗಳಿಗಿಂತ ಹೊರಗಿನಿಂದ ಬಂದ ತಂಡಗಳೇ ಹೆಚ್ಚು ಪಂದ್ಯ ಗೆದ್ದವು. ಇಂಗ್ಲೆಂಡಿನ ಅಗ್ರ ಲೀಗಿನಲ್ಲಿ ಹಾಗಾದದ್ದು ಅದೇ ಮೊದಲು. ತವರು ಜನರ ಗದ್ದಲಕ್ಕೆ ರೆಫರಿಗಳೂ ಒಂದಿಷ್ಟು ಬಾಗುತ್ತಾರೆ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ನಮ್ಮ ಗಂಟಲಿನಿಂದ ತಂಡಕ್ಕೆ ಸಿಗುವ ಲಾಭ ಅದು. ಅದನ್ನು ನಮ್ಮವನ ಮೇಲೆಯೇ ತಿರುಗಿಸಿದರೆ ಎದುರಾಳಿಗೆ ಪುಕ್ಕಟೆ ಕೊಡುಗೆ.

ಪಂದ್ಯ ಸತ್ತ ಮೇಲೆ ಮಾತು ಬೇರೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಅರ್ಧ ಗಂಟೆಯೊಳಗೆ ಐದು ಗೋಲು ಹೊಡೆದಾಗ ಬ್ರೆಜಿಲ್‌ನ ಜನ ತಮ್ಮ ತಂಡವನ್ನೇ ಹೀಯಾಳಿಸಿದರು, ಜರ್ಮನಿಯ ಏಳನೆಯ ಗೋಲಿಗೆ ಎದ್ದು ಚಪ್ಪಾಳೆ ತಟ್ಟಿದರು. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಕೊನೆಯ ಸೀಟಿಯ ನಂತರ ನೀವೂ ಕೂಗಿ, ಸಿಟ್ಟು ತೀರಲಿ. ಮನೆಯಲ್ಲಿ ಟಿವಿ ಮುಂದೆಯಂತೂ ಕೇಳುವುದೇ ಬೇಡ, ಪಾಪ ಮನೆಯವರು. ಬಣ್ಣ, ಜಾತಿ, ಊರು ಎತ್ತಿ ಆಡುವ ಮಾತಿಗೆ ಮಾತ್ರ ಯಾವ ಹೊತ್ತೂ ಸರಿಯಲ್ಲ. 2021ರ ಯುರೊ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಮೂವರು ಇಂಗ್ಲೆಂಡ್ ಹುಡುಗರಿಗೆ ತಮ್ಮದೇ ದೇಶದವರಿಂದಲೂ ಬಂದದ್ದು ಆಟದ ಟೀಕೆಯಾಗಿರಲಿಲ್ಲ.

ಆಟ ನಡೆಯುವಾಗಲೇ ಎತ್ತಬೇಕಾದ ದನಿಯೂ ಒಂದಿದೆ, ನಿಮ್ಮ ಮುಂದೆ ಕೂತಿದ್ದ ಹಿರಿಯರು ಅದನ್ನು ಒಪ್ಪಲಿಕ್ಕಿಲ್ಲ. ಆಟಗಾರನಿಗಲ್ಲ, ಮಾಲೀಕರಿಗೆ. ಮುಂದಿನ ವರ್ಷದ ಪಂದ್ಯಗಳಿಗೆ 77 ಪೌಂಡಿನ ಟಿಕೆಟ್ ಇಡುತ್ತೇವೆ ಎಂದು ಲಿವರ್‌ಪೂಲ್ ಮಾಲೀಕರು ಹೊರಟಾಗ, 2016ರ ಫೆಬ್ರುವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು. ಅವರು ಹೋದ ಮೇಲೆ ಎರಡು ಗೋಲು ಬಿದ್ದು 2-2 ಆಯಿತು. ನಷ್ಟವಾದದ್ದು ತಂಡಕ್ಕೇ. ಆದರೆ ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. ಯಾರಿಗೆ ಹೇಳಬೇಕೋ ಅವರಿಗೆ ಹೇಳಿದ್ದರು, ಕೇಳಿದವರ ಕೈಯಲ್ಲಿ ಬದಲಿಸುವ ಅಧಿಕಾರವಿತ್ತು. ಓಡುತ್ತಿರುವ ವಿಂಗರ್ ಕೈಯಲ್ಲಿ ಅದಿಲ್ಲ.

ಅವನನ್ನು ಒಳಕ್ಕೆ ಆಡಿಸಬೇಕೆಂಬ ನಿಮ್ಮ ವಾದವನ್ನು ಪೂರ್ತಿ ಬರೆದು ಕಳಿಸಿ, ಯಾವ ನಿಮಿಷದಲ್ಲಿ ಏನಾಯಿತೆಂಬ ವಿವರದ ಸಮೇತ. ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ. ಕ್ಲಬ್ಬಿಗೂ ಒಂದು ಪ್ರತಿ ಹೋಗಲಿ.

— ಸಂಪಾದಕ